ವಾವ್ ಕ್ಲಾಸಿಕ್: ಫ್ರಾಸ್ಟ್ ಮೇಜ್, 22ನೇ ಲೆವೆಲ್. ಒಂದೊಂದೇ ಮಾಬ್ ಹೊಡೆಯೋದಾ, ಬ್ಲಿಝರ್ಡ್ ಹಾಕಿ ಗುಂಪಾಗಿ ಹೊಡೆಯೋದಾ?

ಗ್ನೋಮ್_ಪುಟ್ಟ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಆಡ್ತಿರೋದು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್ ಎರಾ ಅನ್ನೋ ಆನ್‌ಲೈನ್ ಆಟ, ಅಲಯನ್ಸ್ ಕಡೆ ಗ್ನೋಮ್ ಮೇಜ್, ಅಂದ್ರೆ ಮಂಜಿನ ಮಂತ್ರ ಹಾಕೋ ಮಾಂತ್ರಿಕ. ಈಗ 22ನೇ ಲೆವೆಲ್, ಮಂತ್ರಗಳಿಗೆ ಬಲ ಕೊಡೋ ಟ್ಯಾಲೆಂಟ್ ಪಾಯಿಂಟ್ 13. ಇಂಪ್ರೂವ್ಡ್ ಫ್ರಾಸ್ಟ್‌ಬೋಲ್ಟ್ 5, ಫ್ರಾಸ್ಟ್‌ಬೈಟ್ 3, ಇಂಪ್ರೂವ್ಡ್ ಫ್ರಾಸ್ಟ್ ನೋವಾ 2, ಐಸ್ ಶಾರ್ಡ್ಸ್ 2, ಪಿಯರ್ಸಿಂಗ್ ಐಸ್ 1.

ಎರಡು ಮಾಬ್ (ಆಟದ ಶತ್ರು) ಸತ್ತ ಮೇಲೆ ಮಾನಾ (ಮಂತ್ರ ಹಾಕೋ ಶಕ್ತಿ) ಖಾಲಿ, ನೀರು ಕುಡೀತಾ ಕೂರಬೇಕು. ಆಟದ ಅರ್ಧ ಹೊತ್ತು ಅದಕ್ಕೇ ಹೋಗ್ತಿದೆ. ಒಂದು ಜಾಗದಲ್ಲಿರೋ ಮಾಬ್‌ಗಳ ಮೇಲೆಲ್ಲಾ ಮಂಜು ಸುರಿಸೋ ಬ್ಲಿಝರ್ಡ್ ಕಲಿತಿದ್ದೀನಿ, ಆದ್ರೆ ಒಂದು ಸಲಕ್ಕೆ 320 ಮಾನಾ ತಿನ್ನುತ್ತೆ. ಗುಂಪು ಹೊಡೆಯೋಕೆ ಇದು ಸರಿಯಾದ ಲೆವೆಲ್ಲಾ? ಟ್ಯಾಲೆಂಟ್ ಬದಲಿಸಬೇಕಾ? ವಾಂಡ್ (ಮಾನಾ ಇಲ್ಲದೇ ಹೊಡೆಯೋ ಮಂತ್ರದಂಡ) ಇನ್ನೂ ಲೆಸ್ಸರ್ ಮ್ಯಾಜಿಕ್ ವಾಂಡೇ. ಬೆಂಗಳೂರಿಂದ ಆಡೋದು, ಪಿಂಗ್ (ಸರ್ವರ್‌ಗೆ ಹೋಗಿಬರೋ ತಡ) 200 ಮಿಲಿಸೆಕೆಂಡಿನ ಆಸುಪಾಸು. ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ.

ಮಂಜುಕಣಿ ಬರೆದದ್ದು:

ಮೊದಲು ಮಾನಾ ಎಲ್ಲಿ ಸೋರ್ತಿದೆ ನೋಡೋಣ, ಬ್ಲಿಝರ್ಡ್ ಮಾತು ಆಮೇಲೆ.

22ನೇ ಲೆವೆಲ್‌ನ ಸಾಮಾನ್ಯ ಮಾಬ್‌ಗೆ ಸುಮಾರು 570 ಹೆಲ್ತ್ ಇರುತ್ತೆ. ನಿಮ್ಮ ಹತ್ರ ಇರೋದು ಫ್ರಾಸ್ಟ್‌ಬೋಲ್ಟ್ ನಾಲ್ಕನೇ ರ‍್ಯಾಂಕ್: 65 ಮಾನಾಗೆ ಸುಮಾರು 78 ಡ್ಯಾಮೇಜ್. ಬರೀ ಬೋಲ್ಟಲ್ಲೇ ಮುಗಿಸೋದಾದ್ರೆ ಎಂಟು ಬೇಕು, ಅಂದ್ರೆ 520 ಮಾನಾ. ಸಾವಿರದಷ್ಟು ಮಾನಾ ಇರೋ ಮೇಜ್‌ಗೆ ಎರಡೇ ಮಾಬ್. ನೀವು ಹೇಳ್ತಿರೋದು ಸರಿಯಾಗಿ ಇದೇ.

ಇದಕ್ಕೆ ಮದ್ದು ವಾಂಡ್. ಲೆಸ್ಸರ್ ಮ್ಯಾಜಿಕ್ ವಾಂಡ್ 5ನೇ ಲೆವೆಲ್‌ನ ಸಾಮಾನು, ಇವತ್ತೇ ಬಿಡಿ. 13ನೇ ಲೆವೆಲ್‌ಗೇ ಹಿಡಿಯೋಕಾಗೋ ಗ್ರೇಟರ್ ಮ್ಯಾಜಿಕ್ ವಾಂಡನ್ನ ಎನ್‌ಚಾಂಟಿಂಗ್ ಕಸುಬು ಇರೋರು ಮಾಡಿಕೊಡ್ತಾರೆ. ಬೇಕಾಗೋದು ಒಂದು ಸಿಂಪಲ್ ವುಡ್, ಒಂದು ಗ್ರೇಟರ್ ಮ್ಯಾಜಿಕ್ ಎಸೆನ್ಸ್. ಆಕ್ಷನ್ ಹೌಸ್‌ನಲ್ಲೂ ಸಿಗುತ್ತೆ. ಸೆಕೆಂಡಿಗೆ ಸುಮಾರು 17 ಡ್ಯಾಮೇಜ್. ಅದಕ್ಕಿಂತ ಚೆನ್ನಾಗಿರೋದು ಗುಂಪು ಕಟ್ಟಿ ಹೋಗೋ ಬ್ಲ್ಯಾಕ್‌ಫ್ಯಾದಮ್ ಡೀಪ್ಸ್‌ನಲ್ಲಿ ಕೆಲ್ರಿಸ್‌ನ ಕೊಂದು ಡಾರ್ನಾಸಸ್‌ಗೆ ತಲೆ ಒಪ್ಪಿಸೋ ಕ್ವೆಸ್ಟ್‌ಗೆ ಸಿಗೋ ಗ್ರೇವ್‌ಸ್ಟೋನ್ ಸೆಪ್ಟರ್. ಪಾರ್ಟಿ ಸಿಕ್ಕರೆ ಈ ವಾರವೇ ಹೋಗಿಬನ್ನಿ, 30 ದಾಟಿದ ಮೇಲೂ ಅದೇ ವಾಂಡ್ ಕೈಯಲ್ಲಿರುತ್ತೆ.

ಒಂದೊಂದೇ ಹೊಡೆಯೋ ಕ್ರಮ ಹೀಗಿರಲಿ. 30 ಗಜದ ತುದಿಯಿಂದ ಬೋಲ್ಟ್ ಶುರು. ನಿಧಾನವಾಗಿ ಬರೋ ಮಾಬ್ ನಿಮ್ಮನ್ನ ಮುಟ್ಟೋದ್ರೊಳಗೆ ಮೂರ‍್ನಾಲ್ಕು ಬೋಲ್ಟ್ ಬಿದ್ದಿರುತ್ತೆ. ಮುಟ್ಟಿದ ತಕ್ಷಣ ಫ್ರಾಸ್ಟ್ ನೋವಾ (ಸುತ್ತಲಿನವನ್ನ ನಿಂತಲ್ಲೇ ಹೆಪ್ಪುಗಟ್ಟಿಸೋ ಮಂತ್ರ), ಹಿಂದಕ್ಕೆ ಹತ್ತು ಹನ್ನೆರಡು ಗಜ, ಇನ್ನೊಂದು ಬೋಲ್ಟ್. ಹೆಲ್ತ್ ಮೂರನೇ ಒಂದು ಭಾಗಕ್ಕೆ ಇಳಿದ ಮೇಲೆ ಬೋಲ್ಟ್ ನಿಲ್ಲಿಸಿ ವಾಂಡ್ ಹಿಡಿಯಿರಿ. ಉಳಿದ 200 ಹೆಲ್ತ್‌ಗೆ ವಾಂಡ್ 12 ಸೆಕೆಂಡ್ ತಗೊಳ್ಳುತ್ತೆ. ಮಾನಾ ಖರ್ಚು ಮಾಡಿ 5 ಸೆಕೆಂಡ್ ಆದ ಮೇಲೆ ಸ್ಪಿರಿಟ್ ಅನ್ನೋ ಗುಣದಿಂದ ಮಾನಾ ಮತ್ತೆ ಏರೋಕೆ ಶುರುವಾಗುತ್ತೆ. ಹಾಗಾಗಿ ಆ 12ರಲ್ಲಿ 7 ಸೆಕೆಂಡ್ ಮಾಬ್ ಸಾಯ್ತಾ ಇರುತ್ತೆ, ಮಾನಾ ತುಂಬ್ತಾ ಇರುತ್ತೆ. ಮಧ್ಯದಲ್ಲಿ ಅವಸರಕ್ಕೆ ಒಂದು ಫೈರ್ ಬ್ಲಾಸ್ಟ್ (ತಕ್ಷಣ ಬೀಳೋ ಬೆಂಕಿ ಮಂತ್ರ) ಒತ್ತಿದ್ರೆ ಆ ಐದು ಸೆಕೆಂಡ್ ಮೊದಲಿಂದ ಎಣಿಕೆ. ಓಡಿಹೋಗ್ತಿರೋ ಮಾಬ್‌ನ ಮುಗಿಸೋಕೆ ಬಿಟ್ರೆ ಫೈರ್ ಬ್ಲಾಸ್ಟ್ ಮುಟ್ಟಲೇಬೇಡಿ.

ಮಾಬ್ ಲೆವೆಲ್ ಕೂಡ ನೋಡ್ಕೊಳ್ಳಿ. ಸಮಾನ ಲೆವೆಲ್‌ಗೆ ಸ್ಪೆಲ್ ತಪ್ಪೋದು 4%, ಒಂದು ಮೇಲಾದ್ರೆ 5%, ಎರಡು ಮೇಲಾದ್ರೆ 6%. ಮೂರು ಮೇಲಾದ್ರೆ ಒಂದೇ ಸಲಕ್ಕೆ 17%. ಅಷ್ಟು ಮೇಲಿನ ಲೆವೆಲ್‌ನ ಮಾಬ್ ಹಿಂದೆ ಬಿದ್ದು ಹೆಚ್ಚು ಎಕ್ಸ್‌ಪಿ (ಲೆವೆಲ್ ಏರಿಸೋ ಅನುಭವದ ಅಂಕ) ತಗೋತೀನಿ ಅನ್ನೋ ಲೆಕ್ಕ ಇಲ್ಲೇ ಮುರಿದುಬೀಳುತ್ತೆ.

26ರ ತನಕ ತಾಳ್ಮೆ ಇರಲಿ. ಐದನೇ ರ‍್ಯಾಂಕ್ ಬೋಲ್ಟ್ 100 ಮಾನಾಗೆ ಸುಮಾರು 130 ಹೊಡೆಯುತ್ತೆ, ಅದರ ಜೊತೆಗೇ ಕೋನ್ ಆಫ್ ಕೋಲ್ಡ್ (ಎದುರಿಗಿರೋವಕ್ಕೆಲ್ಲಾ ತಾಗೋ ಮಂಜಿನ ಮಂತ್ರ) ಬರುತ್ತೆ. 29ಕ್ಕೆ ಶಾಟರ್ ಟ್ಯಾಲೆಂಟ್ 5/5 ಆಗೋ ಹಾಗೆ ಪಾಯಿಂಟ್ ಹಾಕಿದ್ರೆ, ಹೆಪ್ಪುಗಟ್ಟಿದ ಮಾಬ್ ಮೇಲೆ ಕ್ರಿಟ್ (ಮಾಮೂಲಿಗಿಂತ ಜೋರಾಗಿ ಬೀಳೋ ಪೆಟ್ಟು) ಸಾಧ್ಯತೆ 50% ಜಾಸ್ತಿ. ಐಸ್ ಶಾರ್ಡ್ಸ್ ತುಂಬಿದ್ರೆ ಆ ಕ್ರಿಟ್ ಒಂದೂವರೆ ಪಟ್ಟು ಹೋಗಿ ಎರಡು ಪಟ್ಟಾಗುತ್ತೆ. ನಿಮ್ಮ ಈಗಿನ ಪಾಯಿಂಟ್‌ಗಳು ಆ ದಾರಿಗೆ ಚೆನ್ನಾಗಿಯೇ ಕೂತಿವೆ.

ಧಾರವಾಡ_ಮೇಜ್ ಬರೆದದ್ದು:

ಮ್ಯಾಲಿನವರು ಹೇಳಿದ ವಾಂಡ್ ಲೆಕ್ಕ ಖರೇ ಐತಿ. ಆದ್ರ ಫ್ರಾಸ್ಟ್ ಮೇಜ್ ಆಡೋದ ಗುಂಪು ಹೊಡೆಯಾಕ. ಬ್ಯಾರೆ ಯಾವ ಕ್ಲಾಸಿಗೂ ಈ ವಯಸ್ಸಿನಾಗ ಐದು ಮಾಬ್ ಒಮ್ಮೆಲೆ ಹೊಡಿಯೋದು ಇಷ್ಟು ಹಗುರ ಆಗೂದಿಲ್ಲ.

320 ಮಾನಾ ಭಾಳ ಅನ್ನಿಸ್ತೈತಿ, ಭಾಗಿಸಿ ನೋಡ್ರಿ. ಬ್ಲಿಝರ್ಡ್ ಮೊದಲ ರ‍್ಯಾಂಕ್ 8 ಸೆಕೆಂಡಿನಾಗ 8 ಅಲೆ, ಅಲೆಗೆ 25, ಒಟ್ಟು 200 ಡ್ಯಾಮೇಜ್. ಒಂದ ಮಾಬ್ ಮ್ಯಾಲೆ ಹಾಕಿದ್ರ ಮಾನಾಕ್ಕ 0.6, ದಂಡ. ಎರಡು ಮಾಬ್ ಇದ್ರ ಫ್ರಾಸ್ಟ್‌ಬೋಲ್ಟಿಗೆ ಸರಿಸಮ. ಐದಾದ್ರ ಮಾನಾಕ್ಕ 3.1. 20ನೇ ಲೆವೆಲ್ ಮಾಬಿನ ಹೆಲ್ತ್ ಸುಮಾರು 480, ಅಂದ್ರ 20 ಅಲೆ, ಎರಡೂವರೆ ಬ್ಲಿಝರ್ಡ್. ನೋವಾ ಸೇರಿ ಸಾವಿರ ಮಾನಾದಾಗ ಐದು ಸಾಯ್ತಾವ. 22ರಾಗ ನಿಮ್ಮ ಸಮಾನ ಲೆವೆಲಿನ ಮಾಬ್ 155 ಎಕ್ಸ್‌ಪಿ ಕೊಡ್ತೈತಿ, 20ನೇದು 127. ಐದಕ್ಕ 635. ವಾಂಡ್ ಹಿಡಿದು ಒಂದೊಂದ ಹೊಡೆದ್ರ ಅಷ್ಟ ಮಾನಾಕ್ಕ ಮೂರು ಮಾಬ್, 465. ಈಗ ಅಂತರ ಇಷ್ಟ. ನಿಮ್ಮ ಮಾನಾ ಬೆಳೆದಂಗ ಐದು ಹೋಗಿ ಎಂಟು, ಹತ್ತು ಆಗ್ತೈತಿ, ಅಂತರಾನೂ ಬೆಳೀತೈತಿ.

ಆದ್ರ ಈಗಿನ ಟ್ಯಾಲೆಂಟ್ ಇಟ್ಕೊಂಡು ಒಂದ ಬ್ಲಿಝರ್ಡ್ ಸಹಿತ ಹಾಕಬ್ಯಾಡ್ರಿ. ಕೇಡು ಮಾಡೋದು ಫ್ರಾಸ್ಟ್‌ಬೈಟ್. ಗುಂಪಿನಾಗ ಮಾಬ್ ಎಲ್ಲಾ ಒಂದ ಮುದ್ದೆ ಆಗಿ ಬರಬೇಕು. ಫ್ರಾಸ್ಟ್‌ಬೈಟ್ ಇದ್ರ ಐದರಾಗ ಎರಡು ನಡುವ ಹೆಪ್ಪುಗಟ್ಟಿ ನಿಲ್ತಾವ, ಮೂರು ನಿಮ್ಮ ಮೈಮ್ಯಾಲೆ ಬರ್ತಾವ. ಮುಂದಿನ ಬ್ಲಿಝರ್ಡ್ ಯಾರ ಮ್ಯಾಲೆ ಹಾಕೂದು? ಮುದ್ದೆ ಒಡದ್ರ ಎಲ್ಲಾ ಲೆಕ್ಕ ಕೆಟ್ಟಂಗ.

ಟ್ರೇನರ್ ಕಡೆ ಹೋಗಿ ಟ್ಯಾಲೆಂಟ್ ಅಳಿಸ್ರಿ. ಮೊದಲ ಸಲ 1 ಗೋಲ್ಡ್, ಎರಡನೇ ಸಲ 5, ಆಮ್ಯಾಲೆ ಐದೈದು ಏರಿ 50ಕ್ಕ ನಿಲ್ತೈತಿ. ನಿಮ್ಮ 13 ಪಾಯಿಂಟ್: ಇಂಪ್ರೂವ್ಡ್ ಫ್ರಾಸ್ಟ್‌ಬೋಲ್ಟ್ 5, ಪರ್ಮಾಫ್ರಾಸ್ಟ್ 3, ಇಂಪ್ರೂವ್ಡ್ ಫ್ರಾಸ್ಟ್ ನೋವಾ 2, ಇಂಪ್ರೂವ್ಡ್ ಬ್ಲಿಝರ್ಡ್ 3. ಬರೋಬ್ಬರಿ ಕೂಡ್ತೈತಿ. 23, 24ಕ್ಕ ಪಿಯರ್ಸಿಂಗ್ ಐಸ್ ಎರಡು. 25ರಿಂದ 27 ಫ್ರಾಸ್ಟ್ ಚಾನೆಲಿಂಗ್ ಮೂರು, ಬ್ಲಿಝರ್ಡಿನ ಬೆಲೆ 15% ಇಳೀತೈತಿ. 28, 29 ಆರ್ಕ್ಟಿಕ್ ರೀಚ್. 30ಕ್ಕ ಐಸ್ ಬ್ಲಾಕ್. 33ರ ತನಕ ಇಂಪ್ರೂವ್ಡ್ ಕೋನ್ ಆಫ್ ಕೋಲ್ಡ್ ಮೂರು, ಆಮ್ಯಾಲೆ ಉಳಿದ ಪಿಯರ್ಸಿಂಗ್ ಐಸ್ ಒಂದು, ಕೋಲ್ಡ್ ಸ್ನ್ಯಾಪ್, ಶಾಟರ್ ನಾಕು, 40ಕ್ಕ ಐಸ್ ಬ್ಯಾರಿಯರ್. ಈ ಕ್ಲಾಸಿಕ್‌ನಾಗ ಬ್ಲಿಝರ್ಡ್ ಕ್ರಿಟ್ ಆಗೂದಿಲ್ಲ, ಅದಕ್ಕ ಶಾಟರ್ ಕಡೀಕ ಇಟ್ಟೀನಿ. ಅದು ಕೋನಿಗೆ ಮಾತ್ರ ಉಪಯೋಗ.

ಜಾಗ. ಮೊದಲ ಕೈ ಪಳಗಿಸಾಕ ವೆಸ್ಟ್‌ಫಾಲಿನ ಡೆಡ್ ಏಕರ್ ಸುತ್ತಲಿನ ಹಾರ್ವೆಸ್ಟ್ ರೀಪರ್‌ಗಳು ಚಲೋ. ಹೆದರಿ ಓಡೂದಿಲ್ಲ, ದೂರದಿಂದ ಹೊಡಿಯೂದಿಲ್ಲ. ಎಕ್ಸ್‌ಪಿ ಕಡಿಮಿ, ಆದ್ರ 22ಕ್ಕ ಇನ್ನೂ ಹಸಿರು. 15 ಮತ್ತು ಅದರ ಕೆಳಗಿನವು ಬೂದಿ ಬಣ್ಣ, ಸೊನ್ನೆ. 25 ದಾಟಿದ ಮ್ಯಾಲೆ ಡಸ್ಕ್‌ವುಡ್‌ನ ರೇವನ್ ಹಿಲ್ ಸ್ಮಶಾನ. ಅಸ್ಥಿಪಂಜರ ಓಡಿಹೋಗಿ ನೆರವು ಕರಕೊಂಡು ಬರೂದಿಲ್ಲ, ಮನುಷ್ಯರೂ ಮರ್ಲಾಕ್‌ಗಳೂ ಹೆಲ್ತ್ ಇಳಿದ ಕೂಡಲೆ ಓಡ್ತಾವ. ಅಲ್ಲಿ ಎರಡು ಎಚ್ಚರ. ಒಂದು ಸ್ಕೆಲಿಟಲ್ ಮೇಜ್: ದೂರ ನಿಂತು ಫ್ರಾಸ್ಟ್‌ಬೋಲ್ಟ್ ಹೊಡೀತೈತಿ, ಮುದ್ದೆ ಒಳಗ ಬರೂದಿಲ್ಲ. ಅದನ್ನ ಮೊದಲ ಒಂಟಿಯಾಗಿ ಕೊಲ್ರಿ, ಇಲ್ಲಂದ್ರ ಗೋರಿ ಕಟ್ಟಡದ ಮೂಲಿ ಹಿಂದ ಹೋಗಿ ನಿಂದರ್ರಿ. ಕಣ್ಣಿಗೆ ಕಾಣದಿದ್ರ ಸ್ಪೆಲ್ ಹಾಕಾಕ ಬರೂದಿಲ್ಲ, ನಡಕೊಂಡು ಬರ್ತೈತಿ. ಇನ್ನೊಂದು ಮೋರ್‌ಲಾಡಿಮ್, 35ನೇ ಲೆವೆಲ್ ಎಲೀಟ್ (ಭಾಳ ಗಟ್ಟಿ ಮಾಬ್), ಸ್ಮಶಾನದಾಗ ತಿರುಗ್ತಾನ. ಬ್ಲಿಝರ್ಡ್ ಹಿಡಿದು ನೆಲ ನೋಡ್ಕೋತ ಇದ್ದಾಗ ಬೆನ್ನಿಗೆ ಬಂದ್ರ ಉಳಿಗಾಲ ಇಲ್ಲ. ಪ್ರತಿ ಪುಲ್‌ಗೂ (ಮಾಬ್‌ಗಳನ್ನ ನಿಮ್ಮ ಕಡೆ ಎಳಕೊಳ್ಳೂದು) ಮುಂಚೆ ಕ್ಯಾಮೆರಾ ಒಂದು ಸುತ್ತು ತಿರುಗಿಸ್ರಿ.

ನೀರಿನ ಎಲಿಮೆಂಟಲ್ ಇರೋ ಕಡೆ ಹೋಗಲೇಬ್ಯಾಡ್ರಿ, ಫ್ರಾಸ್ಟ್ ಅವಕ್ಕ ನಾಟೂದಿಲ್ಲ. 50 ಆದ ಮ್ಯಾಲೆ ವೆಸ್ಟರ್ನ್ ಪ್ಲೇಗ್‌ಲ್ಯಾಂಡ್ಸಿನ ಸಾರೋ ಹಿಲ್, ಫೆಲ್‌ಸ್ಟೋನ್ ಫೀಲ್ಡ್ ನೆನಪಿಡ್ರಿ. ಅದೂ ರೇವನ್ ಹಿಲ್ ಥರದ ಆಟ, ಮಾಬ್ ಇನ್ನಷ್ಟು.

ಬಟ್ಟಿ ಕೊಳ್ಳೋವಾಗ ಹೆಸರಿನ ಕೊನಿಗೆ "ಆಫ್ ದ ಈಗಲ್" ಇರೋದು ನೋಡ್ರಿ, ಇಂಟೆಲೆಕ್ಟೂ ಸ್ಟ್ಯಾಮಿನಾನೂ ಕೂಡಿ ಬರ್ತಾವ. ಒಂದು ಇಂಟೆಲೆಕ್ಟ್ ಅಂದ್ರ 15 ಮಾನಾ. ಬರೀ ಫ್ರಾಸ್ಟ್ ಡ್ಯಾಮೇಜ್ ಇರೋ ಬಟ್ಟಿ ಬ್ಲಿಝರ್ಡಿಗೆ ಅಷ್ಟು ಹತ್ತೂದಿಲ್ಲ, ಅಲೆ ಅಲೆಗೂ ಅದರ ಪಾಲು ಭಾಳ ಕಡಿಮಿ.

ಕಡಲತಡಿ ಬರೆದದ್ದು:

ನಾನು ಒಪ್ಪುವುದಿಲ್ಲ ಮಾರಾಯ್ರೆ, ಕಡೇಪಕ್ಷ ಈ ಲೆವೆಲ್‌ಗೆ. ಬ್ಲಿಝರ್ಡ್ ಲೆಕ್ಕ ಸರಿ ಉಂಟು, ಆದರೆ ಅದು ಒಂದೂ ಅಲೆ ತಪ್ಪದೆ ಬಿದ್ದರೆ ಮಾತ್ರ. ಬ್ಲಿಝರ್ಡ್ ಹಿಡಿದಿರುವಾಗ ಒಂದು ಮಾಬ್ ಪೆಟ್ಟು ಕೊಟ್ಟರೆ ಚಾನೆಲ್ (ಮಂತ್ರ ಹಿಡಿದಿರುವ ಹೊತ್ತು) ಕಡಿಮೆಯಾಗ್ತದೆ, ಮೂರು ಪೆಟ್ಟು ಬಿದ್ದರೆ ಎಂಟು ಅಲೆ ಬೀಳುವುದೇ ಇಲ್ಲ. ಅದನ್ನು ತಡೆಯುವುದು ಐಸ್ ಬ್ಯಾರಿಯರ್, ಕವಚ ಇರುವಷ್ಟು ಹೊತ್ತು ಸ್ಪೆಲ್‌ಗೆ ತಡೆ ಇಲ್ಲ. ಅದು ಬರುವುದು 40ಕ್ಕೆ. ಅಲ್ಲಿಯವರೆಗೆ ಮಂಜುಕಣಿ ಹೇಳಿದ ದಾರಿಯಲ್ಲಿ ಕ್ವೆಸ್ಟ್ ಮಾಡ್ತಾ ಹೋಗಿ, ಒಂದೇ ಸಲ 40ಕ್ಕೆ ಟ್ಯಾಲೆಂಟ್ ಬದಲಿಸುವುದು ಒಳ್ಳೆಯದು. ಕುದುರೆಗೂ ಸವಾರಿ ಕಲಿಯಲಿಕ್ಕೂ ಸೇರಿ 100 ಗೋಲ್ಡ್ ಬೇಕಾಗ್ತದೆ. ನಿಮಗೆ ಅದು ಕುದುರೆ ಅಲ್ಲ, ಯಂತ್ರದ ಕೋಳಿ, ಆದರೆ ದುಡ್ಡು ಅಷ್ಟೇ. ಕ್ವೆಸ್ಟ್ ಬಿಟ್ಟು ಬರೀ ಮಾಬ್ ಹೊಡೆದರೆ ಆ ದುಡ್ಡು ಕೂಡಿಬರುವುದು ತಡ.

200ರ ಪಿಂಗ್ ಬಗ್ಗೆ ಯಾರೂ ಹೇಳಲಿಲ್ಲ. ಮಾಬ್ ಓಡುವುದು ಸೆಕೆಂಡಿಗೆ ಸುಮಾರು 8 ಗಜ, ನೀವು 7. ನೀವು ಓಡ್ತಾ ಇರುವಾಗ ಸರ್ವರ್ ಲೆಕ್ಕದಲ್ಲಿ ನೀವು ಇನ್ನೂ ಸ್ವಲ್ಪ ಹಿಂದೆಯೇ ಇದ್ದೀರಿ. ಓಡ್ತಾ ನೋವಾ ಒತ್ತಿದರೆ ಅದು ಎಲ್ಲಿ ಸಿಡಿಯಿತು ಅಂತ ಪರದೆ ನೋಡಿ ಹೇಳಲಿಕ್ಕಾಗುವುದಿಲ್ಲ. ನಿಲ್ಲಿ, ಎಲ್ಲವೂ ಮೈಗೆ ಅಂಟಿಕೊಳ್ಳಲಿ, ಆಮೇಲೆ ನೋವಾ. ಕಾಲಿನ ಸುತ್ತ ಮಂಜು ಕಂಡ ಮೇಲೆಯೇ ತಿರುಗಿ ಓಡಿ. ಮೊದಲೇ ಬೆನ್ನು ಕೊಟ್ಟರೆ ಹಿಂದಿನಿಂದ ಬಿದ್ದ ಪೆಟ್ಟಿಗೆ ಡೇಜ್ ಆಗ್ತದೆ, ನಡಿಗೆ ಅರ್ಧ ನಿಂತ ಹಾಗೆ. ಕುದುರೆ ಮೇಲಿದ್ದರೆ ಕೆಳಗೆ ಬೀಳುವುದೂ ಇದರಿಂದಲೇ. ಸ್ಪೆಲ್ ಕ್ಯೂ ವಿಂಡೋ ಎನ್ನುವ ಸೆಟ್ಟಿಂಗ್ 400 ಮಿಲಿಸೆಕೆಂಡಿನಲ್ಲಿ ಇರ್ತದೆ, ಪಿಂಗ್ ಕಡಿಮೆ ಇರುವವರ ಮಾತು ಕೇಳಿ ಅದನ್ನು ಇಳಿಸಬೇಡಿ. ನಿಮ್ಮ ಪಿಂಗ್‌ಗೆ ಅದೇ ಸರಿ, ಒಂದು ಬೋಲ್ಟ್ ಮುಗಿಯುವ ಮೊದಲೇ ಇನ್ನೊಂದು ಒತ್ತಿದರೆ ಸಾಲಿನಲ್ಲಿ ನಿಲ್ತದೆ.

ಇನ್ನೊಂದು. ಆಟ ನಿಲ್ಲಿಸುವಾಗ ಇನ್ನ್ ಒಳಗೆ ಹೋಗಿ ಲಾಗ್‌ಔಟ್ ಮಾಡಿ. 8 ಗಂಟೆಗೆ ಒಂದು ಲೆವೆಲ್‌ನ 5% ರೆಸ್ಟೆಡ್ (ವಿಶ್ರಾಂತಿಯ ಬೋನಸ್) ಸಿಗ್ತದೆ, ಗರಿಷ್ಠ ಒಂದೂವರೆ ಲೆವೆಲ್. ಕಾಡಿನಲ್ಲಿ ಬಿಟ್ಟರೆ ಅಷ್ಟೇ ಸಿಗಲಿಕ್ಕೆ 32 ಗಂಟೆ. ರೆಸ್ಟೆಡ್ ದುಪ್ಪಟ್ಟು ಮಾಡುವುದು ಮಾಬ್ ಎಕ್ಸ್‌ಪಿಯನ್ನು ಮಾತ್ರ, ಕ್ವೆಸ್ಟ್‌ನದ್ದಲ್ಲ. ಎಕ್ಸ್‌ಪಿ ಪಟ್ಟಿ ನೀಲಿ ಇರುವಾಗ ಕೊಲ್ಲಿ, ನೇರಳೆ ಆದ ಮೇಲೆ ಕ್ವೆಸ್ಟ್ ಒಪ್ಪಿಸಿ.

ಗ್ನೋಮ್_ಪುಟ್ಟ:

ಮೂವರಿಗೂ ತುಂಬಾ ಥ್ಯಾಂಕ್ಸ್. ವಾಂಡ್ ಇವತ್ತೇ ತಗೋತೀನಿ. ಗುಂಪು ಹೊಡೆಯೋದನ್ನ ಹಾರ್ವೆಸ್ಟ್ ರೀಪರ್ ಮೇಲೆ ನೋಡೋ ಆಸೆ ಇದೆ. 1 ಗೋಲ್ಡ್ ಕೊಡೋ ಮುಂಚೆ ಎರಡು ಪ್ರಶ್ನೆ: ಪರ್ಮಾಫ್ರಾಸ್ಟ್ ಒಂದೇ ಹಾಕಿ ಐಸ್ ಶಾರ್ಡ್ಸ್ ಎರಡು ಉಳಿಸಿಕೊಳ್ಳಬಹುದಾ? ಬ್ಲಿಝರ್ಡ್ ವೃತ್ತವನ್ನ ಮಾಬ್‌ಗಳ ನಡುಮಧ್ಯೆ ಇಡಬೇಕಾ?

ಧಾರವಾಡ_ಮೇಜ್:

ಎರಡಕ್ಕೂ ಬ್ಯಾಡ, ಮತ್ತ ಎರಡಕ್ಕೂ ಕಾರಣ ಒಂದ.

ವೃತ್ತದ ತ್ರಿಜ್ಯ 8 ಗಜ, ಅಂದ್ರ ಈ ದಂಡಿಯಿಂದ ಆ ದಂಡಿಗೆ 16. ಇಂಪ್ರೂವ್ಡ್ ಬ್ಲಿಝರ್ಡ್ 3/3 ಮಾಬಿನ ವೇಗ 65% ಇಳಸ್ತೈತಿ, ಪರ್ಮಾಫ್ರಾಸ್ಟ್ ತುಂಬಿದ್ರ ಇನ್ನೂ 10%. ಸೆಕೆಂಡಿಗೆ 8 ಗಜ ಓಡೋ ಮಾಬ್ 2 ಗಜಕ್ಕ ಬರ್ತೈತಿ. 16 ಗಜ ದಾಟಾಕ 8 ಸೆಕೆಂಡ್, ನಿಮ್ಮ ಬ್ಲಿಝರ್ಡಿನ ಪೂರ್ತಿ ಆಯುಷ್ಯ. ಮುದ್ದೆ ನಡುವ ಇಟ್ರ ಅವು ದಾಟಬೇಕಾದ್ದು 8 ಗಜ ಮಾತ್ರ, ಕೊನೆಯ ನಾಕು ಅಲೆ ಖಾಲಿ ನೆಲಕ್ಕ ಬೀಳ್ತಾವ, 160 ಮಾನಾ ಹೋತು. ಅದಕ್ಕ ಮುದ್ದೆ ವೃತ್ತದ ಆಚೆ ದಂಡಿಯಾಗ ಸಿಗೂಹಂಗ, ನಡುಬಿಂದು ನಿಮ್ಮ ಕಡೆ ಆರು ಗಜ ಸರಿಸಿ ಇಡ್ರಿ. ಪೂರ್ತಿ ಅಂಚಿಗೆ ಇಡಬ್ಯಾಡ್ರಿ, ಒಂದೆರಡು ಹೊರಗ ಉಳದುಬಿಡ್ತಾವ.

ಪರ್ಮಾಫ್ರಾಸ್ಟಿನ ಇನ್ನೊಂದು ಗುಣ ಇದಕ್ಕಿಂತ ದೊಡ್ಡದು. ಕೊನೆಯ ಅಲೆ ಬಿದ್ದ ಮ್ಯಾಲೆ ಬ್ಲಿಝರ್ಡಿನ ಚಳಿ ಒಂದೂವರೆ ಸೆಕೆಂಡ್ ಮಾತ್ರ ಹಿಡಿದಿರ್ತೈತಿ. ಪರ್ಮಾಫ್ರಾಸ್ಟ್ ಮೂರೂ ಇದ್ರ ನಾಕೂವರೆ. ಆ ಮೂರು ಸೆಕೆಂಡಿನಾಗ ನೀವು 20 ಗಜ ಓಡ್ತೀರಿ. ಅಷ್ಟ ಜಾಗ ಸಿಕ್ರ ಎರಡನೇ ಬ್ಲಿಝರ್ಡ್, ಸಿಗದಿದ್ರ ಐದೂ ನಿಮ್ಮ ತೆಲಿ ಮ್ಯಾಲೆ. ಐಸ್ ಶಾರ್ಡ್ಸ್ ಕ್ರಿಟ್ ಆದಾಗ ಮಾತ್ರ ಕೆಲಸಕ್ಕ ಬರೂದು, ಬ್ಲಿಝರ್ಡ್ ಕ್ರಿಟ್ ಆಗೂದ ಇಲ್ಲ.

ವೇಳೆ ಹಿಂಗ ಕೂಡಿಸ್ರಿ. ನೋವಾ ಒತ್ತಿದ ಕ್ಷಣ ಸೊನ್ನೆ. ನಾಕು ಸೆಕೆಂಡ್ ಓಡಿದ್ರ 28 ಗಜ, ತಿರುಗಿ ಬ್ಲಿಝರ್ಡ್, 12ಕ್ಕ ಮುಗೀತು. ಮತ್ತ ಮೂರು ಸೆಕೆಂಡ್ ಓಟ, ಎರಡನೇದು 15ಕ್ಕ ಶುರುವಾಗಿ 23ಕ್ಕ ಮುಗೀತೈತಿ. ಟ್ಯಾಲೆಂಟ್ ಇಲ್ಲದ ನೋವಾ 25ಕ್ಕ ತಿರುಗಿ ಬರೂದು, ಎರಡು ಪಾಯಿಂಟ್ ಇದ್ರ 21ಕ್ಕ. ಅಂದ್ರ 23ಕ್ಕ ಅವು ಹತ್ರ ಬಂದಾಗ ನೋವಾ ಕೈಯಾಗ ತಯಾರಿರ್ತೈತಿ, ಮತ್ತ ಓಡಿ ಮೂರನೇದು ಹಾಕ್ರಿ, ನಾಕು ಅಲೆಗೆ ಎಲ್ಲಾ ಉರುಳ್ತಾವ. ಬ್ಲಿಂಕ್ (20 ಗಜ ಮುಂದಕ್ಕ ಹಾರಿಸೋ ಮಂತ್ರ) ಈ ಲೆಕ್ಕದೊಳಗ ಸೇರಿಸಬ್ಯಾಡ್ರಿ. ಅದು ನೋವಾ ಒಂದು ಮಾಬಿಗೆ ತಾಗದ ಉಳಿದಾಗಿನ ಮಾತು. ಒತ್ತೋ ಮುಂಚೆ ಮುಖ ಖಾಲಿ ಬಯಲಿನ ಕಡೆ ಇರಲಿ, 20 ಗಜದಾಗ ಇನ್ನೊಂದು ಗುಂಪು ಇದ್ರ ನೀವ ಹೋಗಿ ಅವಕ್ಕ ಹೇಳಿದಂಗ.

ಓಡೂ ದಾರಿ ಪುಲ್ ಮಾಡೋ ಮೊದಲ ಒಮ್ಮೆ ನಡೆದು ನೋಡ್ಕೊಳ್ರಿ. ಡೆಡ್ ಏಕರಿನಾಗ ಬೇಲಿ ಅದಾವ. ಬೇಲಿಗೆ ತಾಗಿ ಅರ್ಧ ಸೆಕೆಂಡ್ ನಿಂತ್ರ ಮೂರೂವರೆ ಗಜ ಹೋತು.

ಮಂಜುಕಣಿ:

ಕುಡಿಯೋ ವಿಷಯ ಒಂದು ಸೇರಿಸ್ತೀನಿ. 20ಕ್ಕೆ ಕಲಿಯೋ ನೀರು 24 ಸೆಕೆಂಡಲ್ಲಿ 835 ಮಾನಾ ಕೊಡುತ್ತೆ, ಅದನ್ನ ಬಿಟ್ಟು ಹಳೇ ರ‍್ಯಾಂಕ್ ನೀರು ಬ್ಯಾಗಲ್ಲಿ ಇಟ್ಕೋಬೇಡಿ. ಇವೋಕೇಷನ್ (ಮಾನಾ ತುಂಬಿಸೋ ಮಂತ್ರ) 8 ನಿಮಿಷಕ್ಕೊಮ್ಮೆ ಸಿಗುತ್ತೆ, ಅದನ್ನ ಬರೀ ಆಪತ್ತಿಗೆ ಅಂತ ಇಟ್ಟುಕೊಳ್ಳೋದು ವ್ಯರ್ಥ. ನೀರು ಮುಗಿಯೋಕೆ ಬಂದಾಗ ಇರೋ ಮಾನಾ ಎಲ್ಲಾ ನೀರು ಸೃಷ್ಟಿಸೋಕೆ ಸುರೀರಿ, ಸೊನ್ನೆ ಆದ ಮೇಲೆ ಇವೋಕೇಷನ್. ಅದು ಕೊಡೋ ಮಾನಾ ನಿಮ್ಮ ಸ್ಪಿರಿಟ್ ಮೇಲೆ ನಿಂತಿದೆ, ಹಾಗಾಗಿ ಸ್ಪಿರಿಟ್ ಜಾಸ್ತಿ ಇರೋ ಒಂದು ಕೋಲು ಬ್ಯಾಗಲ್ಲಿರಲಿ. ಒತ್ತೋ ಮುಂಚೆ ಅದನ್ನ ಹಿಡಿದು, ಮುಗಿದ ಮೇಲೆ ಬದಲಿಸಿ. 28ಕ್ಕೆ ಮಾನಾ ಅಗೇಟ್ (ಒತ್ತಿದ್ರೆ ಮಾನಾ ಕೊಡೋ ಹರಳು) ಕಲಿಯೋದನ್ನ ಮರೀಬೇಡಿ, ಎರಡನೇ ಮತ್ತು ಮೂರನೇ ಬ್ಲಿಝರ್ಡ್ ನಡುವಿನ ಓಟದಲ್ಲೇ ಅದನ್ನ ಒತ್ತಬಹುದು.